ಯಾರ ದಾರಿ ನೋಡಿ ನಡೆಯಬೇಕು ಈ ಮಕ್ಕಳು?



ಕಳೆದ ತಿಂಗಳು ಟಿಕೋಟಾ ಕಡೆಯ ಒಬ್ಬ ದ್ರಾಕ್ಷಿ ಬೆಳೆಗಾರರು ವಿಜಯಪುರದ ನಮ್ಮ ಮನೆಗೆ ಬಂದಿದ್ದರು. ಈ ಪತ್ರಿಕೆಯ ಹಳೆಯ ಓದುಗರು. ಪ್ರತಿ ವರ್ಷ ಮಠದ ದಾಸೋಹಕ್ಕೆ ಒಣದ್ರಾಕ್ಷಿ ತಪ್ಪದೆ ಕಳಿಸುವವರು. ಚಹಾ ಕುಡಿದು, ಮಳೆ ಬೆಳೆ ಮಾತಾಡಿ, ಎದ್ದು ಚಪ್ಪಲಿ ಮೆಟ್ಟುವಾಗ ನಿಜವಾದ ವಿಷಯ ತೆಗೆದರು.

"ಸಾಹೇಬ್ರ, ನನ್ನ ಮಗಾ ಲಗ್ನ ಒಲ್ಲೆ ಅಂತಾನ್ರಿ. ಈ ಕನ್ಯಾ ಒಲ್ಲೆ, ಆ ಕನ್ಯಾ ಒಲ್ಲೆ ಅನ್ನೂದಲ್ರಿ. ಹೆಣ್ಣಿನ ಮ್ಯಾಲೆ ತನಗ ಮನಸ್ಸs ಇಲ್ಲ ಅಂತ ತಾಯಿ ಮುಂದ ಹೇಳ್ಯಾನ. ಆಕಿ ಎರಡು ದಿನ ಉಣ್ಣಲಿಲ್ಲ. ಸ್ವಾಮಿಗೋಳ ಮುಂದ ಹ್ಯಾಂಗ ಹೇಳ್ಲಿ? ನೀವು ಕಲ್ತವರು, ನೀವs ಒಂದ್ ಸಲ ಬುದ್ಧಿ ಹೇಳ್ರಿ."

ಅವರು ಬೈದಾಗ ಮಗ ತಿರುಗಿ ಒಂದೇ ಪ್ರಶ್ನೆ ಕೇಳಿದ್ದನಂತೆ. "ಅಪ್ಪಾ, ನನ್ನಂಥಾವರು ಒಬ್ಬರಾದ್ರೂ ಮರ್ಯಾದಿಲೆ ಬದುಕಿದ್ದು ನೀ ನೋಡಿಯೇನು? ನೋಡಿದ್ರ ಹೇಳು, ಅವರಂಗs ಬದುಕ್ತೀನಿ." ಅಪ್ಪನ ಬಳಿ ಉತ್ತರವಿರಲಿಲ್ಲ. ಆ ಸಂಜೆ ನನ್ನ ಬಳಿಯೂ ಇರಲಿಲ್ಲ. ಅವರ ಒಪ್ಪಿಗೆ ಪಡೆದು, ಊರು ಹೆಸರು ಬಿಟ್ಟು, ಆ ಹುಡುಗನ ಪ್ರಶ್ನೆಗೆ ಈ ಸಂಚಿಕೆಯಲ್ಲಿ ಉತ್ತರ ಕೊಡಲು ಪ್ರಯತ್ನಿಸುತ್ತಿದ್ದೇನೆ.

ಪ್ರಶ್ನೆ ಸಣ್ಣದಲ್ಲ. ಆದರ್ಶ ಪುರುಷರಿಲ್ಲದೆ ಯಾವ ಮಗುವೂ ಬೆಳೆಯುವುದಿಲ್ಲ. ನಮ್ಮ ಮನೆಯ ಮಕ್ಕಳಿಗೆ ನಾವು ಅಪ್ಪ ಬಸವಣ್ಣನವರನ್ನು ತೋರಿಸುತ್ತೇವೆ. ಬಾಗೇವಾಡಿ ನಮ್ಮ ಜಿಲ್ಲೆಯದೇ ಎಂದು ಹೆಮ್ಮೆಯಿಂದ ಹೇಳುತ್ತೇವೆ. ಗಂಡ, ಮನೆ, ಅರಮನೆ ಎಲ್ಲ ಬಿಟ್ಟು ನಡೆದ ಅಕ್ಕಮಹಾದೇವಿಯವರ ಹೆಸರನ್ನು ನಮ್ಮೂರಿನ ಮಹಿಳಾ ವಿಶ್ವವಿದ್ಯಾಲಯಕ್ಕೆ ಇಟ್ಟಿದ್ದೇವೆ. ಸಮಗಾರ ಹರಳಯ್ಯನವರು, ಮಡಿವಾಳ ಮಾಚಿದೇವರು, ಸೂಳೆ ಸಂಕವ್ವೆಯವರು ಎಂದು ಹೆಸರು ಹೇಳುವಾಗ, ಊರು ಹೊರಗಿಟ್ಟವರಿಗೆ ಕಲ್ಯಾಣದಲ್ಲಿ ಜಾಗ ಸಿಕ್ಕಿತು ಎಂಬುದನ್ನೇ ಹೇಳುತ್ತಿರುತ್ತೇವೆ. ಯಾವ ಜಾತಿಯ, ಯಾವ ಕಸುಬಿನ ಮಗು ಬಂದು ಕೇಳಿದರೂ ನಮ್ಮ ಬಳಿ ತೋರಿಸಲು ಒಬ್ಬ ಶರಣರಿದ್ದಾರೆ. ಈ ಹುಡುಗ ಕೇಳಿದಾಗ ಮಾತ್ರ ನಾವು ನೆಲ ನೋಡುತ್ತೇವೆ.

ಮೊದಲು ಆ ಹುಡುಗನಿಗೆ ನೇರವಾದ ಉತ್ತರ. ಇದ್ದಾರೆ, ಮಗನೇ. ಕನ್ನಡದಲ್ಲೇ ಇದ್ದಾರೆ.

ವಸುಧೇಂದ್ರ ಅವರು ಬಳ್ಳಾರಿ ಜಿಲ್ಲೆಯ ಸಂಡೂರಿನವರು. ಸುರತ್ಕಲ್ಲಿನಲ್ಲಿ ಎಂಜಿನಿಯರಿಂಗ್ ಓದಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಉನ್ನತ ವ್ಯಾಸಂಗ ಮಾಡಿ, ಸಾಫ್ಟ್‌ವೇರ್ ಕ್ಷೇತ್ರದಲ್ಲಿ ವರ್ಷಗಟ್ಟಲೆ ದುಡಿದವರು. ಕನ್ನಡದ ಮುಖ್ಯ ಕತೆಗಾರರು, ಛಂದ ಪುಸ್ತಕ ಎಂಬ ಪ್ರಕಾಶನ ಕಟ್ಟಿ ಹೊಸ ಬರಹಗಾರರನ್ನು ಬೆಳೆಸಿದವರು. 2013ರಲ್ಲಿ 'ಮೋಹನಸ್ವಾಮಿ' ಎಂಬ ಕಥಾ ಸಂಕಲನ ತಂದರು. ಗಂಡಿನ ಮೇಲೆ ಒಲವಿರುವ ಒಬ್ಬ ಗಂಡಿನ ಒಳಸಂಕಟ ಅದರ ವಸ್ತು. ತಾವೂ ಅಂಥವರೇ ಎಂಬುದನ್ನು ಅವರು ಮುಚ್ಚಿಡಲಿಲ್ಲ. ಆಗಲೇ ಹೆಸರು ಮಾಡಿದ್ದ ಲೇಖಕರೊಬ್ಬರು ಕನ್ನಡದಲ್ಲಿ ಹೀಗೆ ಹೇಳಿಕೊಳ್ಳಲು ಎಷ್ಟು ಎದೆಗಾರಿಕೆ ಬೇಕಿತ್ತು ಎಂದು ಯೋಚಿಸಿ. ಹೇಳಿದ ಮೇಲೆ ಅವರ ಓದುಗರು ಓಡಿಹೋಗಲಿಲ್ಲ. 2019ರಲ್ಲಿ ಬಂದ ಅವರ 'ತೇಜೋ ತುಂಗಭದ್ರಾ' ಕಾದಂಬರಿಯನ್ನು ನಮ್ಮ ವಿಜಯಪುರದ ಎಷ್ಟೋ ಮನೆಗಳಲ್ಲಿ ಓದುತ್ತಾರೆ. ಬರವಣಿಗೆಯನ್ನೇ ಕಾಯಕ ಮಾಡಿಕೊಂಡು, ತಲೆಯೆತ್ತಿ ಬದುಕುವ ಮನುಷ್ಯನೊಬ್ಬ ಇದ್ದಾನೆ ಎಂಬುದು ಆ ಹುಡುಗನಿಗೆ ಗೊತ್ತಾದರೆ ಸಾಕು, ಅರ್ಧ ಭಾರ ಇಳಿಯುತ್ತದೆ.

ಇನ್ನೊಬ್ಬರು ಮಂಜಮ್ಮ ಜೋಗತಿಯವರು. ಅವರ ಸ್ಥಿತಿ ಮತ್ತು ಈ ಹುಡುಗನ ಸ್ಥಿತಿ ಒಂದೇ ಅಲ್ಲ, ಎರಡನ್ನೂ ಕಲಸಬಾರದು. ಈತ ತನ್ನನ್ನು ಗಂಡೆಂದೇ ತಿಳಿದವನು, ಒಲವು ಮಾತ್ರ ಬೇರೆ. ಮಂಜಮ್ಮನವರು ಗಂಡೆಂದು ಹೆಸರಿಟ್ಟ ದೇಹದಲ್ಲಿ ಹುಟ್ಟಿ, ತಾನು ಹೆಣ್ಣೆಂದು ಅರಿತವರು. ಬಳ್ಳಾರಿ ಜಿಲ್ಲೆಯ ಕಲ್ಲುಕಂಬದಲ್ಲಿ ಮಂಜುನಾಥ ಶೆಟ್ಟಿಯಾಗಿ ಹುಟ್ಟಿದರು. ಹದಿವಯಸ್ಸಿನಲ್ಲಿ ಹೆಣ್ಣಿನ ನಡೆ ಕಂಡಾಗ ಮನೆಯವರು ಹೊಸಪೇಟೆ ಸಮೀಪದ ಹುಲಿಗೆಮ್ಮನ ಗುಡಿಯಲ್ಲಿ ಜೋಗತಿ ದೀಕ್ಷೆ ಕೊಡಿಸಿದರು. ಆಮೇಲೆ ಮನೆ ದೂರವಾಯಿತು. ವಿಷ ಕುಡಿದರು, ಉಳಿದರು. ಭಿಕ್ಷೆ ಬೇಡಿದರು. ಜೋಗತಿ ನೃತ್ಯ ಕಲಿತರು. ಕಾಳವ್ವ ಜೋಗತಿಯವರ ಮೇಳ ಸೇರಿ ಹಳ್ಳಿ ಹಳ್ಳಿ ತಿರುಗಿದರು, ಕಾಳವ್ವನವರ ನಂತರ ಆ ಮೇಳವನ್ನು ತಾವೇ ಮುನ್ನಡೆಸಿದರು. 2010ರಲ್ಲಿ ರಾಜ್ಯೋತ್ಸವ ಪ್ರಶಸ್ತಿ, 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷ ಸ್ಥಾನ, 2021ರಲ್ಲಿ ಪದ್ಮಶ್ರೀ. ಆ ಅಕಾಡೆಮಿಯ ಗಾದಿಗೆ ಅವರಿಗಿಂತ ಮೊದಲು ಲಿಂಗತ್ವ ಅಲ್ಪಸಂಖ್ಯಾತರು ಯಾರೂ ಏರಿರಲಿಲ್ಲ. ರಾಷ್ಟ್ರಪತಿ ಭವನದಲ್ಲಿ ಪ್ರಶಸ್ತಿ ಪಡೆಯುವ ಮೊದಲು ಸೀರೆಯ ಸೆರಗಿನಿಂದ ರಾಷ್ಟ್ರಪತಿಗಳ ದೃಷ್ಟಿ ತೆಗೆದದ್ದನ್ನು ನೀವು ಟಿವಿಯಲ್ಲಿ ನೋಡಿರಬಹುದು.

ಅವರ ಆತ್ಮಕಥನವನ್ನು ಅರುಣ್ ಜೋಳದಕೂಡ್ಲಿಗಿ ಅವರು ಬರಹಕ್ಕಿಳಿಸಿದ್ದಾರೆ. ಪುಸ್ತಕದ ಹೆಸರು 'ನಡುವೆ ಸುಳಿವ ಹೆಣ್ಣು'. ಆ ಹೆಸರು ಓದಿದ ಕೂಡಲೇ ಜೇಡರ ದಾಸಿಮಯ್ಯನವರ ವಚನ ನೆನಪಾಗದ ಶರಣರು ನಮ್ಮಲ್ಲಿ ಯಾರೂ ಇರಲಾರರು. ಮೈಮೇಲಿನ ಗುರುತು ನೋಡಿ ಜನ ಇದು ಹೆಣ್ಣು, ಇದು ಗಂಡು ಎಂದು ಹೆಸರಿಡುತ್ತಾರೆ, ಒಳಗೆ ಇರುವ ಆತ್ಮಕ್ಕೆ ಆ ಹೆಸರು ತಗಲುವುದಿಲ್ಲ ಎಂದು ಹೇಳಿದವರು ದಾಸಿಮಯ್ಯನವರು. ಲಿಂಗತ್ವ ಅಲ್ಪಸಂಖ್ಯಾತರ ಇನ್ನೊಬ್ಬ ಹಿರಿಯರಾದ ಎ. ರೇವತಿಯವರ ಆತ್ಮಕತೆಯನ್ನು ದು. ಸರಸ್ವತಿಯವರು ಕನ್ನಡಕ್ಕೆ ತಂದರು. ಅದರ ಹೆಸರು 'ಬದುಕು ಬಯಲು'. ಬಯಲು ಎಂಬ ಮಾತು ಅಲ್ಲಮಪ್ರಭುಗಳ ಮನೆಯದೆಂದು ನಿಮಗೆ ಹೇಳಬೇಕಾಗಿಲ್ಲ.

ಬಂಧುಗಳೇ, ಇಲ್ಲಿ ಒಂದು ಕ್ಷಣ ನಿಲ್ಲೋಣ. ನಮ್ಮ ಮಠದ ಮೆಟ್ಟಿಲು ಹತ್ತಲು ಅಂಜುವ ಜನರ ಬದುಕನ್ನು ಹೇಳಲು ಹೊರಟಾಗ ಕನ್ನಡದಲ್ಲಿ ಸಿಕ್ಕ ಮಾತು ನಮ್ಮ ಶರಣರದ್ದು. ಮಾತು ಅವರನ್ನು ಮುಟ್ಟಿದೆ, ನಾವು ಮುಟ್ಟಿಲ್ಲ.

ಈ ವಚನಗಳು ನಾಡಿಗೆ ಮರಳಿ ಸಿಕ್ಕದ್ದು ಇದೇ ವಿಜಯಪುರದಿಂದ. ವಕೀಲರಾಗಿದ್ದ ಡಾ. ಫ. ಗು. ಹಳಕಟ್ಟಿಯವರು ತಾಡೋಲೆಗಳನ್ನು ಹುಡುಕಿ, 1923ರಲ್ಲಿ 'ವಚನಶಾಸ್ತ್ರಸಾರ' ಪ್ರಕಟಿಸಿದರು. 1926ರಲ್ಲಿ 'ಶಿವಾನುಭವ' ಪತ್ರಿಕೆ ಆರಂಭಿಸಿ, ಸಂಸಾರವನ್ನೇ ಸವೆಸಿ ಅದನ್ನು ನಡೆಸಿದರು. ಅವರು ಅಚ್ಚು ಹಾಕಿಸಿದ್ದು ನಾವು ಬಾಯಿಪಾಠ ಮಾಡಿ ಬಹುಮಾನ ತೆಗೆದುಕೊಳ್ಳಲಿ ಎಂದಷ್ಟೇ ಅಲ್ಲ.

ಇದನ್ನು ಬರೆಯುವ ಅಧಿಕಾರ ನನಗಿದೆಯೇ ಎಂದು ಕೇಳಿಕೊಂಡೆ. ಪೂರ್ತಿ ಇಲ್ಲ. 1980ರ ದಶಕದ ಕೊನೆಯಲ್ಲಿ ನಾನು ಕಾಲುವೆಯ ಸರ್ವೆ ಕ್ಯಾಂಪಿನಲ್ಲಿದ್ದೆ. ಲೆವೆಲ್ ಸ್ಟಾಫ್ ಹಿಡಿಯಲು ದಿನಗೂಲಿಯ ಹುಡುಗನೊಬ್ಬ ಬರುತ್ತಿದ್ದ. ಬಿಸಿಲಲ್ಲಿ ಸ್ಟಾಫನ್ನು ಅಲುಗದಂತೆ ನೆಟ್ಟಗೆ ಹಿಡಿಯುವುದು ಸುಲಭದ ಕೆಲಸವಲ್ಲ, ಅವನು ಹಿಡಿದರೆ ರೀಡಿಂಗ್ ತಪ್ಪುತ್ತಿರಲಿಲ್ಲ. ಆದರೆ ಅವನ ನಡಿಗೆ, ಕೈ ಆಡಿಸುವ ರೀತಿ ಹೆಣ್ಣಿನಂತೆ. ಉಳಿದ ಕೂಲಿಯವರು ರಾತ್ರಿ ಅವನನ್ನು ಕಾಡುತ್ತಿದ್ದರು. ಕಾಡಿದವರನ್ನು ನಾನು ಕರೆದು ಕೇಳಲಿಲ್ಲ. ಕ್ಯಾಂಪಿನಲ್ಲಿ ಗದ್ದಲ ಬೇಡವೆಂದು ಮುಂದಿನ ತಿಂಗಳ ಮಸ್ಟರ್ ರೋಲಿನಿಂದ ಅವನ ಹೆಸರು ತೆಗೆದೆ. ಯಾವ ಮೇಲಧಿಕಾರಿಯೂ ಹೇಳಿರಲಿಲ್ಲ, ತೆಗೆದವನು ನಾನೇ.

ಏಳೆಂಟು ವರ್ಷಗಳ ನಂತರ ಒಂದು ಮಂಗಳವಾರ ನಮ್ಮ ಮನೆಯ ಮುಂದೆ ಜೋಗಪ್ಪ ಒಬ್ಬರು ಎಲ್ಲಮ್ಮನ ಜಗ ಹೊತ್ತು ನಿಂತಿದ್ದರು. ಸೀರೆ, ಕೈತುಂಬ ಹಸಿರು ಬಳೆ, ಕೊರಳಲ್ಲಿ ಮುತ್ತು. ನಮ್ಮ ಮನೆಯವರು ಮರದಲ್ಲಿ ಜೋಳ ಹಾಕಿದರು. ಜೋಗಪ್ಪ ನನ್ನನ್ನು ನೋಡಿ, "ಆರಾಮದೀರಿ, ಸಾಹೇಬ್ರ?" ಎಂದರು. ಆಗ ಗುರುತು ಹತ್ತಿತು. ಹಣೆಗೆ ಭಂಡಾರ ಹಚ್ಚಲು ಕೈ ಚಾಚಿದಾಗ, ವಿಭೂತಿಯ ಹಣೆಗೆ ಭಂಡಾರ ಬೇಡವೆಂದು ನಾನು ಒಂದು ಹೆಜ್ಜೆ ಹಿಂದೆ ಸರಿದೆ. ಅವರು ಏನೂ ಅನ್ನಲಿಲ್ಲ, ಮುಂದಿನ ಮನೆಗೆ ಹೋದರು. ಅಂದು ನಾನು ಧರ್ಮನಿಷ್ಠೆ ತೋರಿದೆ ಎಂದುಕೊಂಡಿದ್ದೆ.

ನಮ್ಮದು ಸುಧಾರಣೆಯ ಚಳವಳಿ. ಮುತ್ತು ಕಟ್ಟುವುದನ್ನು, ಗುಡ್ಡಕ್ಕೆ ಮಕ್ಕಳನ್ನು ಬಿಡುವುದನ್ನು ನಾವು ವಿರೋಧಿಸುತ್ತ ಬಂದಿದ್ದೇವೆ, ಮುಂದೆಯೂ ವಿರೋಧಿಸಬೇಕು. ದೇವದಾಸಿ ಸಮರ್ಪಣೆಯನ್ನು ನಿಷೇಧಿಸಿ 1982ರಲ್ಲಿ ಕಾಯ್ದೆ ಬಂದಾಗ ಸ್ವಾಗತಿಸಿದವರು ನಾವು. ಆದರೆ ಸವದತ್ತಿ ಗುಡ್ಡಕ್ಕೆ ಹೋದ ಆ ಹುಡುಗನನ್ನು ಮೌಢ್ಯ ಎಳೆದುಕೊಂಡು ಹೋಯಿತು ಎಂದು ಹೇಳುವುದು ಅರ್ಧ ಸತ್ಯ. ಊರು ಅವನನ್ನು ಹೊರಗೆ ನೂಕಿತು, ನನ್ನ ಕ್ಯಾಂಪೂ ನೂಕಿತು. ಹೆಣ್ಣಿನ ನಡೆಯ ಗಂಡನ್ನು ಹೆದರಿಕೆಯಿಂದಲೋ ಭಕ್ತಿಯಿಂದಲೋ ಒಳಗೆ ಕರೆದುಕೊಂಡದ್ದು ಎಲ್ಲಮ್ಮನ ಜಗ ಒಂದೇ. ಇಷ್ಟಲಿಂಗ ಕೊಟ್ಟು, ಕೂಡ್ರಿಸಿ, ಉಣ್ಣಿಸಿ, ಕಾಯಕ ಹಚ್ಚಬೇಕಾದ ಮನೆ ಬಾಗಿಲು ಹಾಕಿಕೊಂಡಿದ್ದರೆ, ತೆರೆದಿದ್ದ ಬಾಗಿಲಿಗೆ ಹೋದವರನ್ನು ಜರಿಯುವ ಹಕ್ಕು ನಮಗಿಲ್ಲ. ಮೌಢ್ಯ ಹೋಗಬೇಕಾದರೆ ಮೊದಲು ನಮ್ಮ ಬಾಗಿಲು ತೆರೆಯಬೇಕು.

ಪ್ರಶಸ್ತಿಗಳ ಬಗ್ಗೆಯೂ ಒಂದು ಮಾತು. ಟಿಕೋಟಾ ತಾಲ್ಲೂಕಿನ ಬಿಜ್ಜರಗಿಯಲ್ಲಿ ಹುಟ್ಟಿ, ಜ್ಞಾನಯೋಗಾಶ್ರಮದಲ್ಲಿ ಬೆಳಗಿದ ಪೂಜ್ಯ ಸಿದ್ಧೇಶ್ವರ ಅಪ್ಪಗಳು 2018ರಲ್ಲಿ ಪದ್ಮಶ್ರೀಯನ್ನು ವಿನಯದಿಂದ ಬೇಡವೆಂದರು. ಎಲ್ಲವನ್ನೂ ಬಿಟ್ಟವರಿಗೆ ಅದರ ಹಂಗಿರಲಿಲ್ಲ. ಮೂರು ವರ್ಷದ ನಂತರ ಅದೇ ಪ್ರಶಸ್ತಿಯನ್ನು ಮಂಜಮ್ಮನವರು ಎರಡೂ ಕೈಯಿಂದ ತೆಗೆದುಕೊಂಡರು. ಬಸ್ ನಿಲ್ದಾಣದಲ್ಲಿ ಬೈಗುಳ ಕೇಳುತ್ತ ಬೆಳೆದ ಸಾವಿರಾರು ಜನರ ಪರವಾಗಿ ಅವರು ಅದನ್ನು ತೆಗೆದುಕೊಳ್ಳಲೇಬೇಕಿತ್ತು. ಬಿಟ್ಟವರೂ ದೊಡ್ಡವರು, ತೆಗೆದುಕೊಂಡವರೂ ದೊಡ್ಡವರು. 2015ರಲ್ಲಿ ಅಕ್ಕೈ ಪದ್ಮಶಾಲಿಯವರಿಗೆ ರಾಜ್ಯೋತ್ಸವ ಪ್ರಶಸ್ತಿ ಬಂದಾಗಲೂ ಅದು ಒಬ್ಬರದ್ದಾಗಿರಲಿಲ್ಲ. 2011ರ ಜನಗಣತಿಯಲ್ಲಿ ಗಂಡು, ಹೆಣ್ಣು ಎರಡೂ ಅಲ್ಲದ 'ಇತರೆ' ಎಂದು ಲೆಕ್ಕಕ್ಕೆ ಸಿಕ್ಕವರು ಕರ್ನಾಟಕದಲ್ಲೇ 20,266 ಜನ. ಹೇಳಿಕೊಳ್ಳಲು ಅಂಜಿದವರು ಲೆಕ್ಕಕ್ಕೇ ಬಂದಿಲ್ಲ.

ಕೆಲವು ಹಿರಿಯರು ಆಕ್ಷೇಪ ಎತ್ತುತ್ತಾರೆಂದು ಬಲ್ಲೆ. ಶರಣರು ಆತ್ಮದ ಬಗ್ಗೆ ಹೇಳಿದ್ದನ್ನು ದೇಹದ ಆಸೆಗಳಿಗೆ ಹಚ್ಚಬಹುದೇ? ಇದು ಹೊರದೇಶದಿಂದ ಬಂದ ಚಾಳಿಯಲ್ಲವೇ?

ಮೊದಲನೆಯದಕ್ಕೆ ನನ್ನ ಉತ್ತರ ಇದು. ಹನ್ನೆರಡನೆಯ ಶತಮಾನದ ಶರಣರು ಇಂದಿನ ಲೈಂಗಿಕ ಅಲ್ಪಸಂಖ್ಯಾತರ ಪರ ಭಾಷಣ ಮಾಡಿದ್ದರು ಎಂದು ನಾನು ಹೇಳುವುದಿಲ್ಲ, ಹಾಗೆ ಹೇಳಿದರೆ ಸುಳ್ಳಾಗುತ್ತದೆ. ದಾಸಿಮಯ್ಯನವರು ಹೇಳಿದ್ದು ಆತ್ಮದ ಮಾತೇ. ಆದರೆ ಮನುಷ್ಯನನ್ನು ಅಳೆಯುವ ಅಳತೆಗೋಲು ಮೈಯಲ್ಲ ಎಂದು ಅವರು ತೀರ್ಮಾನ ಕೊಟ್ಟ ಮೇಲೆ, ಮೈಯನ್ನೇ ಅಳತೆಗೋಲು ಮಾಡಿ ಒಬ್ಬನನ್ನು ಹೊರಗಿಡಲು ನಮಗೆ ಯಾವ ಆಧಾರ ಉಳಿಯಿತು? ಶರಣಸತಿ ಲಿಂಗಪತಿ ಎಂದು ದಿನವೂ ಹೇಳುತ್ತೇವೆ. ಮೀಸೆ ಹೊತ್ತ ಗಂಡಸು ಲಿಂಗಕ್ಕೆ ಸತಿಯಾಗುವುದು ನಮಗೆ ವಿಚಿತ್ರವೆನಿಸುವುದಿಲ್ಲ. ಭಕ್ತಿಯಲ್ಲಿ ಇಷ್ಟು ದೊಡ್ಡ ಮನಸ್ಸಿರುವವರು ಬದುಕಿನಲ್ಲಿ ಸಣ್ಣವರಾಗಬಾರದು.

ಎರಡನೆಯದಕ್ಕೆ ಹೆಚ್ಚು ಹೇಳಬೇಕಿಲ್ಲ. ಸವದತ್ತಿಯ ಜೋಗಪ್ಪಗಳು ಹೊರದೇಶದಿಂದ ಬಂದವರಲ್ಲ. ಹೊರಗಿನಿಂದ ಬಂದದ್ದು ಇಂಥವರನ್ನು ಅಪರಾಧಿಗಳೆಂದ ಕಾನೂನು. 1860ರಲ್ಲಿ ಇಂಗ್ಲಿಷರು ಬರೆದ ದಂಡಸಂಹಿತೆಯ 377ನೇ ಕಲಮು ಅದು. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ, ವಯಸ್ಕರು ಒಪ್ಪಿ ಕೂಡುವುದು ಅಪರಾಧವಲ್ಲ ಎಂದು ತೀರ್ಪು ಕೊಟ್ಟಿತು. ಆ ಮೊಕದ್ದಮೆಯ ಮೊದಲ ಅರ್ಜಿದಾರ ನವತೇಜ್ ಸಿಂಗ್ ಜೋಹರ್ ಒಬ್ಬ ಭರತನಾಟ್ಯ ಕಲಾವಿದ. ಅದಕ್ಕೂ ಮೊದಲು, 2014ರ ಏಪ್ರಿಲ್ 15ರಂದು, ತಾನು ಹೆಣ್ಣೋ ಗಂಡೋ ಎರಡೂ ಅಲ್ಲವೋ ಎಂದು ಹೇಳಿಕೊಳ್ಳುವ ಹಕ್ಕು ಆಯಾ ವ್ಯಕ್ತಿಯದೇ ಎಂದು ಅದೇ ನ್ಯಾಯಾಲಯ ಹೇಳಿತ್ತು. 2021ರಲ್ಲಿ ಕರ್ನಾಟಕ ಸರ್ಕಾರ ನೇಮಕಾತಿಯಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೆ ಶೇ. 1ರಷ್ಟು ಮೀಸಲಾತಿ ಕೊಟ್ಟಿತು. ಇಡೀ ದೇಶದಲ್ಲಿ ಇದು ಮೊದಲು. ಸರ್ಕಾರ ತನ್ನ ಬಾಗಿಲನ್ನು ಒಂದು ಗೇಣು ತೆರೆದಿದೆ. ಅನುಭವ ಮಂಟಪದ ವಾರಸುದಾರರು ಸರ್ಕಾರಕ್ಕಿಂತ ಹಿಂದೆ ಉಳಿಯುವುದು ನಾಚಿಕೆಯ ಮಾತು.

ಹಾಗಾದರೆ ಮಾಡಬೇಕಾದ್ದೇನು? ಪೂಜ್ಯರ ಮತ್ತು ಬಂಧುಗಳ ಮುಂದೆ ನಾಲ್ಕು ವಿನಂತಿಗಳನ್ನು ಇಡುತ್ತೇನೆ. ಯಾವುದಕ್ಕೂ ಹೆಚ್ಚಿನ ಖರ್ಚಿಲ್ಲ.

ಒಂದು, ಪ್ರವಚನ. ಶ್ರಾವಣ ಬಂದರೆ ವಿಜಯಪುರ, ಟಿಕೋಟಾ, ಬಬಲೇಶ್ವರ ಭಾಗದ ಊರೂರಲ್ಲಿ ತಿಂಗಳ ಪ್ರವಚನ ನಡೆಯುತ್ತದೆ. ಅದರಲ್ಲಿ ಒಂದು ದಿನ ದಾಸಿಮಯ್ಯನವರ ಆ ವಚನವನ್ನು ಈ ಮಕ್ಕಳನ್ನು ನೆನೆದು ಬಿಡಿಸಿ ಹೇಳಲಿ. ಅಂದು ಲಿಂಗತ್ವ ಅಲ್ಪಸಂಖ್ಯಾತರಲ್ಲಿ ಒಬ್ಬ ಸಾಧಕರನ್ನು ವೇದಿಕೆಗೆ ಕರೆಯಲಿ. ಕುಣಿಸಿ ಕಳಿಸುವುದಕ್ಕಲ್ಲ, ಪೂಜ್ಯರ ಸಾಲಿನಲ್ಲಿ ಕೂಡ್ರಿಸಿ ಮಾತು ಕೇಳುವುದಕ್ಕೆ. ಹಿಂದಿನ ಸಾಲಿನಲ್ಲಿ ಗೋಡೆಗೆ ಆತು ಕೂತ ಒಂದು ಮಗು ಅದನ್ನು ನೋಡುತ್ತಿರುತ್ತದೆ.

ಎರಡು, ಪ್ರಸಾದ ನಿಲಯ. ನಮ್ಮ ಮಠಗಳ ಉಚಿತ ವಸತಿಯಲ್ಲಿ ಸಾವಿರಾರು ಬಡಮಕ್ಕಳು ಓದಿ ಮುಂದೆ ಬಂದಿದ್ದಾರೆ. ಅಲ್ಲಿ ಹೆಣ್ಣಿಗ ಎಂದು ಅಣಕಿಸಿಕೊಳ್ಳುವ ಒಬ್ಬ ಹುಡುಗನಾದರೂ ಇರುತ್ತಾನೆ. ನಾನು ಮಾಡಿದ ತಪ್ಪನ್ನು ಅಲ್ಲಿನ ವ್ಯವಸ್ಥಾಪಕರು ಮಾಡದಿರಲಿ. ಹೊರಗೆ ಹಾಕುವುದಿದ್ದರೆ ಕಾಡುವುದನ್ನು ಹೊರಗೆ ಹಾಕಲಿ, ಹುಡುಗನನ್ನಲ್ಲ.

ಮೂರು, ದೀಕ್ಷೆ ಮತ್ತು ಕಾಯಕ. ಇಷ್ಟಲಿಂಗ ಬೇಡಿ ಬಂದವರ ದೇಹದ ವಿಚಾರಣೆ ಬೇಡ. ಅವರು ಇಟ್ಟುಕೊಂಡ ಹೆಸರಿನಿಂದಲೇ ಕರೆದು ಲಿಂಗ ಕೊಡೋಣ. ನಮ್ಮ ಶಾಲೆ, ಬ್ಯಾಂಕು, ಗೋಡಂಬಿ ದ್ರಾಕ್ಷಿಯ ವ್ಯಾಪಾರ, ಅಚ್ಚುಕೂಟಗಳಲ್ಲಿ ಅವರಿಗೊಂದು ಕೆಲಸ ಕೊಡೋಣ. ಕಾಯಕ ಸಿಕ್ಕವರು ಭಿಕ್ಷೆಗೆ ಹೋಗುವುದಿಲ್ಲ.

ನಾಲ್ಕು, ಲಗ್ನ. ಇದು ಎಲ್ಲಕ್ಕಿಂತ ತುರ್ತಿನದು. ಲಗ್ನ ಮಾಡಿದರೆ ಸರಿಹೋಗುತ್ತಾನೆ ಎಂಬುದು ನಮ್ಮಲ್ಲಿ ಬೇರೂರಿದ ನಂಬಿಕೆ. ಸರಿಹೋಗಲು ಅದು ರೋಗವಲ್ಲ. ಭಾರತೀಯ ಮನೋವೈದ್ಯರ ಸಂಘವೇ 2018ರಲ್ಲಿ ಹಾಗೆಂದು ಹೇಳಿದೆ. ಔಷಧಿ, ಕರೆಂಟು ಕೊಟ್ಟು ಬದಲಾಯಿಸುತ್ತೇವೆ ಎನ್ನುವ ವೈದ್ಯರದು ವೃತ್ತಿದ್ರೋಹ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಸಾರಿದೆ. ಬಲವಂತದ ಲಗ್ನದಲ್ಲಿ ಕೆಡುವುದು ಒಂದಲ್ಲ, ಎರಡು ಬಾಳು. ಏನೂ ತಿಳಿಯದೆ ಬಂದ ಆ ಹೆಣ್ಣುಮಗಳು ಇನ್ನೊಬ್ಬ ಶರಣನ ಮನೆಯ ಮಗಳು. ತನ್ನಲ್ಲೇ ಏನೋ ಕೊರತೆಯಿದೆ ಎಂದು ಆಕೆ ಜೀವಮಾನವಿಡೀ ಕೊರಗುತ್ತಾಳೆ. ಆದ್ದರಿಂದ ಪೂಜ್ಯರಲ್ಲಿ ಕೈಮುಗಿದು ಕೇಳುತ್ತೇನೆ. ತಂದೆ ತಾಯಿ ಬಂದು "ನೀವೊಂದು ಮಾತು ಹೇಳ್ರಿ, ಲಗ್ನಕ್ಕ ಒಪ್ಪಲಿ" ಎಂದಾಗ ಆ ಮಾತು ಹೇಳಬೇಡಿ. ಸಾಮೂಹಿಕ ವಿವಾಹಕ್ಕೆ ಹೆಸರು ಬರೆಸುವಾಗ ಹುಡುಗ ಹುಡುಗಿಯರನ್ನು ಬೇರೆ ಬೇರೆಯಾಗಿ ಕೂಡ್ರಿಸಿ ಅವರ ಇಚ್ಛೆ ಕೇಳುವ ವ್ಯವಸ್ಥೆ ಮಾಡಿ.

ಇದನ್ನು ಓದುತ್ತಿರುವ ಮಕ್ಕಳಲ್ಲಿ ಯಾರಿಗಾದರೂ ಜೀವ ಬೇಡವೆನಿಸಿದ್ದರೆ, 14416 ಎಂಬ ಸಂಖ್ಯೆಗೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸೇವೆ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲಿ ಮಾತಾಡುತ್ತಾರೆ, ದುಡ್ಡಿಲ್ಲ. ವಿಷ ಕುಡಿದ ಆ ದಿನ ಮಂಜಮ್ಮನವರು ಉಳಿಯದೇ ಹೋಗಿದ್ದರೆ ಯಾರಿಗೂ ಅವರ ಹೆಸರು ಗೊತ್ತಾಗುತ್ತಿರಲಿಲ್ಲ ಎಂಬುದನ್ನು ನೆನಪಿಡಿ.

ಟಿಕೋಟಾ ಕಡೆಯ ಆ ಹಿರಿಯರಿಗೆ ಮೊನ್ನೆ ಫೋನ್ ಮಾಡಿದ್ದೆ. ಬುದ್ಧಿ ಹೇಳಲು ಬರುವುದಿಲ್ಲ, ಒಂದೆರಡು ಪುಸ್ತಕ ಕೊಡಲು ಬರುತ್ತೇನೆ ಎಂದೆ. ಸ್ವಲ್ಪ ಹೊತ್ತು ಅವರು ಸುಮ್ಮನಿದ್ದರು. "ಬರ್ರಿ ಸಾಹೇಬ್ರ, ಊಟಕ್ಕ ಬರ್ರಿ. ಮಗಾನೂ ಮನ್ಯಾಗs ಇರ್ತಾನ," ಎಂದರು. ತಾಯಿ ಈಗ ಉಣ್ಣುತ್ತಿದ್ದಾರಂತೆ. ಲಗ್ನದ ಮಾತು ಸದ್ಯಕ್ಕೆ ನಿಂತಿದೆ.

ಇವ ಯಾರವನೆಂದು ಕೇಳದೆ ಮನೆಯ ಮಗನೆಂದು ಅಪ್ಪಿಕೊಳ್ಳಲು ಬಸವಣ್ಣನವರು ಕಲಿಸಿ ಒಂಬತ್ತು ನೂರು ವರ್ಷಗಳಾಗುತ್ತ ಬಂದವು. ಇಲ್ಲಿ ನಿಂತವನು ನಿಜವಾಗಿಯೂ ನಮ್ಮ ಮನೆಯ ಮಗನೇ. ಅಪ್ಪಿಕೊಳ್ಳುವುದಕ್ಕೆ ಇನ್ನು ಯಾರ ಅಪ್ಪಣೆ ಬೇಕು?

ಶರಣು.